ಮನೆಗೆ ಬಾರದ ಬಂದೂಕು

ಆಡಿದ ಮಾತನ್ನು ನಡೆಸಿಕೊಡಬೇಕೆಂಬುದು ನಮ್ಮ ಹಿರಿಯರು ನಮಗೆ ಕಲಿಸಿದ ಮೊದಲ ಪಾಠ. ದನಗಳ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಒಪ್ಪಿಕೊಂಡ ಮೇಲೆ, ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೂ ಹಿಂದೆ ಸರಿದವನನ್ನು ಮರುವರ್ಷ ಆ ಜಾತ್ರೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇಂತಹ ಸಂಸ್ಕಾರದಲ್ಲಿ ಬೆಳೆದವರಿಗೆ, ಹಣ ಕಟ್ಟಿ ಒಪ್ಪಿಬಂದ ಒಂದು ವಸ್ತುವನ್ನು 'ಬೇಡ' ಎಂದು ಹೇಳಿ, ಕೊಟ್ಟ ಹಣವನ್ನು ಮರಳಿ ಕೇಳುವುದು ಸುಲಭದ ಕೆಲಸವಲ್ಲ. ಆದರೆ ಕೊಟ್ಟ ಮಾತು ಒಂದು ಕಡೆಗೂ ಮನೆಯ ಕ್ಷೇಮ ಇನ್ನೊಂದು ಕಡೆಗೂ ಎಳೆಯುವ ಸಂದರ್ಭಗಳು ಸಂಸಾರಿಗಳಾದ ನಮಗೆ ಬಾರದೆ ಇರುವುದಿಲ್ಲ. ಅಂತಹ ಒಂದು ಸಂದರ್ಭವನ್ನು ಓದುಗ ಬಾಂಧವರ ಮುಂದಿಡುವುದು ಈ ಬರಹದ ಉದ್ದೇಶ. ಕೊಳ್ಳಲು ಹೊರಟ ವಸ್ತು ಬಂದೂಕು. ಬಂದೂಕಾದುದರಿಂದಲೇ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ.

ನಮ್ಮದು ಹಾನಗಲ್ಲ ಸೀಮೆಯ ಕಾಡಂಚಿನ ಹಳ್ಳಿ. ಶಾಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ತಂದೆಯಿಂದ ಬಂದ ಹೊಲವನ್ನು ನೋಡಿಕೊಂಡಿದ್ದೇನೆ. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಇಳಿಯುತ್ತದೆ. ಅವು ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ರಾತ್ರಿಯೆಲ್ಲ ಅಟ್ಟಣಿಗೆಯ ಮೇಲೆ ಕುಳಿತು ಡಬ್ಬ ಬಡಿದು, ಪಟಾಕಿ ಸಿಡಿಸಿ, ಬೆಳಗಾದ ಮೇಲೆ ಮಲಗಿದ ಬೆಳೆಯನ್ನು ನೋಡುವ ಸಂಕಟ ಒಕ್ಕಲುತನದವರಿಗೆಲ್ಲ ಗೊತ್ತಿದ್ದುದೇ. ಆದುದರಿಂದ ಬೆಳೆಯ ರಕ್ಷಣೆಗೆಂದು ಒಂದು ಬಂದೂಕಿನ ಪರವಾನಗಿಗೆ ಅರ್ಜಿ ಸಲ್ಲಿಸಿದೆನು. ಪರವಾನಗಿ ಸಿಕ್ಕ ಮಾತ್ರಕ್ಕೆ ಹಂದಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನಂತೆ ಅದಕ್ಕೆ ಪ್ರತ್ಯೇಕ ಅಪ್ಪಣೆ ಬೇಕು. ನನಗೆ ಬೇಕಾಗಿದ್ದುದು ಈಡಿನ ಸಪ್ಪಳ ಮಾತ್ರ.

ಪರವಾನಗಿಯ ದಾರಿ ದೀರ್ಘವಾದುದು. ಅದು ಹಾಗಿರುವುದೇ ಒಳ್ಳೆಯದು. 1959ರಲ್ಲಿ ಅಂಗೀಕೃತವಾಗಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆಯುಧಗಳ ಕಾಯ್ದೆ, 2016ರಲ್ಲಿ ಹೊಸದಾಗಿ ಬಂದ ಆಯುಧಗಳ ನಿಯಮಗಳು, ಇವೆರಡರ ಮೇಲೆ ಈ ವ್ಯವಹಾರವೆಲ್ಲ ನಿಂತಿದೆ. ಬೆಳೆಯ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಹಳೆಯ ತರದ ಬಂದೂಕನ್ನೇ ಕಾಯ್ದೆ ಮೊದಲು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಬಂದೂಕಿಗೆ ಅನುಮತಿ ಕೊಡಬಹುದು. ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ ಅರ್ಜಿ. ಅಲ್ಲಿಂದ ಪೊಲೀಸ್ ಠಾಣೆಯ ವಿಚಾರಣೆ. ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿ. ಮೈದಾನದಲ್ಲಿ ಹರೆಯದವರ ನಡುವೆ ಬೋರಲು ಮಲಗಿ ಗುರಿ ಹಿಡಿಯುವುದನ್ನು ನಾನೂ ಕಲಿತೆನು. ಎಲ್ಲ ಮುಗಿದು ಪರವಾನಗಿ ಪುಸ್ತಕ ಕೈಗೆ ಬರುವಷ್ಟರಲ್ಲಿ ಹತ್ತು ತಿಂಗಳು ಕಳೆದಿದ್ದವು.

2022ರ ಜೂನ್ ಮೊದಲ ವಾರದಲ್ಲಿ ದೊಡ್ಡ ಊರಿನ ಒಂದು ಬಂದೂಕಿನ ಅಂಗಡಿಗೆ ಹೋಗಿ, 12 ಬೋರಿನ ಜೋಡುನಳಿಗೆಯ ಬಂದೂಕೊಂದನ್ನು ಆರಿಸಿದೆನು. ಬೆಲೆ 42,000 ರೂಪಾಯಿ. ಅಂದು 15,000 ರೂಪಾಯಿಗಳನ್ನು ಬ್ಯಾಂಕಿನ ಖಾತೆಯಿಂದ ಕಳುಹಿಸಿ ರಸೀತಿ ಪಡೆದೆನು. ಅದಕ್ಕೊಂದು ತೊಗಲಿನ ಚೀಲ ಹೊಲಿಸಿಡುವುದಾಗಿಯೂ, ಹದಿನೈದು ದಿನಗಳ ನಂತರ ಉಳಿದ ಹಣ ಕೊಟ್ಟು, ಪರವಾನಗಿ ಪುಸ್ತಕದಲ್ಲಿ ಬಂದೂಕಿನ ನಂಬರು ಬರೆಯಿಸಿಕೊಂಡು ಒಯ್ಯಬೇಕೆಂದೂ ಗೊತ್ತಾಯಿತು.

ಆ ಹದಿನೈದು ದಿನಗಳೊಳಗೆ ನಮ್ಮ ಕಿರಿಯ ಮಗ ಬೆಂಗಳೂರಿನಿಂದ ಊರಿಗೆ ಬಂದನು. ಕೆಲಸ ಹೋಗಿತ್ತು. ಅದನ್ನು ಅವನು ಹೇಳಿದ್ದು ಬಂದ ಐದನೆಯ ದಿನ. ಊಟಕ್ಕೆ ಕರೆದರೆ ಬರುತ್ತಿದ್ದನು, ತುತ್ತು ಮುರಿಯುತ್ತಿದ್ದನು, ಏಳುತ್ತಿದ್ದನು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದನು. ಒಂದು ದಿನ ನಸುಕಿನಲ್ಲಿ ತಾಯಿಯೊಡನೆ, 'ನಾ ಇದ್ದು ಯಾರಿಗೇನು ಆಗಬೇಕಾಗೇದವ್ವಾ?' ಎಂದನಂತೆ. ನನ್ನ ಪತ್ನಿ ಆ ಮಾತನ್ನು ನನಗೆ ತಿಳಿಸಿ, ಬಹಳ ಹೊತ್ತು ಸುಮ್ಮನಿದ್ದು, 'ಅದು ಈಗ ಮನೀಗೆ ಬ್ಯಾಡ್ರಿ' ಎಂದಳು. ಅದು ಯಾವುದೆಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಈ ವಿಷಯವನ್ನು ಇಲ್ಲಿ ಬರೆಯುವ ಮುನ್ನ ಮಗನ ಒಪ್ಪಿಗೆಯನ್ನು ಪಡೆದಿದ್ದೇನೆ. 'ಬರೀರಿ ಅಪ್ಪಾ, ಇನ್ನೊಬ್ಬರ ಮನ್ಯಾಗ ಉಪಯೋಗ ಆಗಲಿ' ಎಂದು ಅವನೇ ಹೇಳಿದನು.

ಬಂದೂಕನ್ನು ಬೀಗ ಹಾಕಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಮನಸ್ಸು ಕುಸಿದಿರುವಾಗ ಬರುವ ಆ ಕೆಟ್ಟ ಗಳಿಗೆ ಬಹುಮಟ್ಟಿಗೆ ಅಲ್ಪಕಾಲದ್ದು. ಆ ಗಳಿಗೆಯಲ್ಲಿ ಕೈಗೆಟುಕುವಂತೆ ಸಾಧನವಿಲ್ಲದಿದ್ದರೆ ಜೀವ ಉಳಿಯುವ ಸಂಭವ ಹೆಚ್ಚು ಎಂಬುದು ಬಲ್ಲವರ ಅನುಭವ. ಇಸ್ರೇಲಿನ ಸೈನ್ಯದಲ್ಲಿ ಹರೆಯದ ಸೈನಿಕರು ವಾರದ ರಜೆಗೆ ಮನೆಗೆ ಹೋಗುವಾಗ ಬಂದೂಕನ್ನು ಒಯ್ಯುವ ರೂಢಿಯಿತ್ತು. 2006ರಲ್ಲಿ ಬಂದೂಕುಗಳನ್ನು ಶಿಬಿರದಲ್ಲಿಯೇ ಬಿಟ್ಟುಹೋಗುವಂತೆ ಮಾಡಿದ ಮೇಲೆ ಅವರಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 40ರಷ್ಟು ಇಳಿಯಿತು. ನೆರೆಯ ಶ್ರೀಲಂಕೆಯಲ್ಲಿ 1990ರ ದಶಕದಲ್ಲಿ ಅತಿ ಘೋರವಾದ ಕ್ರಿಮಿನಾಶಕಗಳನ್ನು ನಿಷೇಧಿಸಿದ ಮೇಲೆ, 1995ರಿಂದ 2005ರ ಅವಧಿಯಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧದಷ್ಟಾಯಿತು. ಅಲ್ಲಿಯ ಜನರ ದುಃಖಗಳೆಲ್ಲ ಮಾಯವಾಗಿರಲಿಲ್ಲ. ದುಃಖದ ಗಳಿಗೆಗೂ ಸಾಧನಕ್ಕೂ ನಡುವೆ ಸ್ವಲ್ಪ ದೂರ ಏರ್ಪಟ್ಟಿತ್ತು, ಅಷ್ಟೇ. ಆ ದೂರವನ್ನು ಕಾಯುವುದು ಮನೆಯ ಹಿರಿಯರ ಕೈಯಲ್ಲಿದೆ. ಬೀಗದ ಕೈಯನ್ನು ಎಲ್ಲಿಡುತ್ತೇವೆಂಬುದು ಮನೆಯ ಮಕ್ಕಳಿಗೆ ತಿಳಿಯದ ಸಂಗತಿಯೇ? ಆದುದರಿಂದ ಅಂದೇ ಹೊಲದ ಮನೆಯಲ್ಲಿದ್ದ ಎಣ್ಣೆ-ಔಷಧಿಗಳ ಡಬ್ಬಿಗಳನ್ನೂ ಊರಾಚೆಯ ಸಂಬಂಧಿಕರ ಗೋದಾಮಿಗೆ ಸಾಗಿಸಿದೆನು. ಬಂದೂಕಿನ ವಿಷಯ ಉಳಿಯಿತು.

ಈಗ ನನ್ನ ಮುಂದೆ ಮೂರು ತೊಡಕುಗಳಿದ್ದವು. ಒಂದು, ಒಪ್ಪಿಬಂದ ವ್ಯಾಪಾರವನ್ನು ಮುರಿಯುವುದು ಧರ್ಮವೇ ಎಂಬುದು. ಎರಡು, 15,000 ರೂಪಾಯಿಗಳ ಗತಿಯೇನು ಎಂಬುದು. ಮೂರು, ಎಲ್ಲಕ್ಕಿಂತ ಭಾರವಾದುದು: ಅಂಗಡಿಯವರು ಕಾರಣ ಕೇಳಿದರೆ ಏನು ಹೇಳುವುದು? ಮಗನ ಸಂಕಟವನ್ನು ಅಂಗಡಿಯ ಗಲ್ಲೆಯ ಮುಂದೆ ಬಿಚ್ಚಿ ಹಣ ಬಿಡಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಸುಳ್ಳು ಕಾರಣ ಹೇಳುವುದೂ ಒಪ್ಪಿಗೆಯಾಗಲಿಲ್ಲ.

ಮೊದಲನೆಯ ತೊಡಕನ್ನು ಕುರಿತು ನಾನು ಒಂದು ರಾತ್ರಿಯೆಲ್ಲ ವಿಚಾರ ಮಾಡಿದೆನು. ವ್ಯಾಪಾರದ ಮಾತು ಎಂದರೆ ಎದುರಿನವನಿಗೆ ನಮ್ಮಿಂದ ಹಾನಿಯಾಗದಂತೆ ನಡೆದುಕೊಳ್ಳುತ್ತೇನೆ ಎಂಬ ಮಾತು. ನಾನು ಹಿಂದೆ ಸರಿದುದರಿಂದ ಅಂಗಡಿಯವರಿಗೆ ಆಗುವ ನಷ್ಟವನ್ನು ನಾನೇ ಭರಿಸಿದರೆ ಆ ಮಾತಿನ ಸತ್ತ್ವ ಉಳಿಯುತ್ತದೆ. ಆದರೆ ಮಾತು ಉಳಿಸಿಕೊಳ್ಳುವ ಹಟದಿಂದ ಬಂದೂಕನ್ನು ಮನೆಗೆ ತಂದು, ಆಗಬಾರದುದು ಆಗಿಹೋದರೆ, ಆ ನಷ್ಟವನ್ನು ಭರಿಸುವವರು ಯಾರು? ಹೀಗೆ ಯೋಚಿಸಿದ ಮೇಲೆ ಮನಸ್ಸು ತಿಳಿಯಾಯಿತು.

ಎರಡನೆಯ ತೊಡಕಿಗೆ ಕಾನೂನನ್ನು ತಿಳಿಯಬೇಕಾಯಿತು. ಪ್ರಸಾದ ನಿಲಯದಲ್ಲಿ ನನ್ನೊಡನೆ ಓದಿದ ಹಳೆಯ ಗೆಳೆಯರೊಬ್ಬರು ವಕೀಲರು. ಅವರು ವಿವರಿಸಿದುದನ್ನು ನನಗೆ ತಿಳಿದಂತೆ ಹೇಳುತ್ತೇನೆ. 1930ರ ಸರಕು ಮಾರಾಟ ಕಾಯ್ದೆಯ 4ನೆಯ ಕಲಮಿನಂತೆ ಮಾರಾಟವೇ ಬೇರೆ, ಮಾರಾಟದ ಕರಾರೇ ಬೇರೆ. ವಸ್ತುವಿನ ಒಡೆತನ ಕೊಂಡವನಿಗೆ ದಾಟಿದರೆ ಅದು ಮಾರಾಟ. ಮುಂದೊಂದು ದಿನ, ಒಂದು ಷರತ್ತು ಪೂರೈಸಿದ ಮೇಲೆ ದಾಟಬೇಕಾಗಿದ್ದರೆ ಅದು ಕರಾರು ಮಾತ್ರ. ಉಳಿದ ಹಣ ಸಂದು, ಪರವಾನಗಿಯಲ್ಲಿ ನಂಬರು ಏರಿದ ಮೇಲೆ ಬಂದೂಕು ನನ್ನದಾಗುವುದೆಂದು ನಾವು ಗೊತ್ತುಮಾಡಿಕೊಂಡಿದ್ದುದರಿಂದ ನಮ್ಮದು ಕರಾರು.

ಇನ್ನು ಕೊಟ್ಟ ಹಣದ ಮಾತು. ಹೊಲ-ಮನೆ ಕೊಳ್ಳುವಾಗ ಕೊಡುವ ಸಂಚಕಾರ ನಮ್ಮ ಕಡೆ ಎಲ್ಲರಿಗೂ ಪರಿಚಿತವಾದುದು. ಕೊಳ್ಳುವವನು ತಾನೇ ಹಿಂದೆ ಸರಿದರೆ ಸಂಚಕಾರ ಮುಳುಗುತ್ತದೆ ಎಂಬುದು ರೂಢಿ. ಕಾನೂನೂ ಅದನ್ನು ಒಪ್ಪುತ್ತದೆ. 1969ರಲ್ಲಿ ಹನುಮಾನ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ, ವಿಮಾನಗಳ ಹಳೆಯ ಲೋಹ ಕೊಳ್ಳಲು ಬೆಲೆಯ ಕಾಲು ಭಾಗವನ್ನು ಮುಂಗಡ ಕಟ್ಟಿ ಹಿಂದೆ ಸರಿದವರಿಗೆ, ಕರಾರಿನ ಷರತ್ತಿನಂತೆ ಅದು ಮರಳಿ ಸಿಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷ ಮೌಲಾ ಬಕ್ಷ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಹೇಳಿತು. ಸೈನ್ಯಕ್ಕೆ ಆಲೂಗಡ್ಡೆ, ಮೊಟ್ಟೆ, ಮೀನು ಮೊದಲಾದುವನ್ನು ಪೂರೈಸುವುದಾಗಿ ಒಪ್ಪಿ 18,500 ರೂಪಾಯಿ ಠೇವಣಿಯಿಟ್ಟು, ಪೂರೈಸಲಾರದೆ ಹೋದ ಗುತ್ತಿಗೆದಾರನ ಠೇವಣಿಯನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಆಗಿರುವ ನಷ್ಟವನ್ನು ತೋರಿಸದೆ ದಂಡದ ರೂಪದಲ್ಲಿ ಇಡಿಯ ಠೇವಣಿಯನ್ನು ನುಂಗಲಾಗದು, 1872ರ ಕರಾರು ಕಾಯ್ದೆಯ 74ನೆಯ ಕಲಮಿನಂತೆ ಯೋಗ್ಯವಾದ ಪರಿಹಾರ ಮಾತ್ರ ಸಲ್ಲುತ್ತದೆ ಎಂಬುದು ಅಲ್ಲಿಯ ತೀರ್ಮಾನ. ಆದುದರಿಂದ ಕೊಟ್ಟುದು ಸಂಚಕಾರವೋ ಬೆಲೆಯ ಒಂದು ಭಾಗವೋ ಎಂಬುದನ್ನು ರಸೀತಿಯೇ ಹೇಳಬೇಕು. ನನ್ನ ರಸೀತಿಯಲ್ಲಿ 'ಬೆಲೆಯ ಬಾಬ್ತು ಜಮಾ' ಎಂದಷ್ಟೇ ಇತ್ತು. ಹಿಂದಿರುಗಿಸಲಾಗದು ಎಂಬ ಷರತ್ತು ಇರಲಿಲ್ಲ.

ಇಷ್ಟನ್ನು ತಿಳಿದುಕೊಂಡು, ರಸೀತಿಯ ನಂಬರು, ತಾರೀಖು, ಬಂದೂಕಿನ ವಿವರ ಬರೆದು, ಖರೀದಿಯನ್ನು ರದ್ದು ಮಾಡಬೇಕೆಂದೂ, ತಮಗೆ ನಿಜವಾಗಿ ಆಗಿರುವ ಖರ್ಚನ್ನು ಹಿಡಿದುಕೊಂಡು ಉಳಿದುದನ್ನು ಅದೇ ಬ್ಯಾಂಕ್ ಖಾತೆಗೆ ಮರಳಿಸಬೇಕೆಂದೂ ಎರಡು ಪ್ರತಿಗಳಲ್ಲಿ ಪತ್ರ ಬರೆದು, ನಾನೇ ಅಂಗಡಿಗೆ ಹೋದೆನು. ಗಲ್ಲೆಯ ಮೇಲಿದ್ದ ಗುಮಾಸ್ತ ಪತ್ರ ಓದಿ, ಗೋಡೆಯ ಕಡೆಗೆ ಕೈತೋರಿಸಿ, 'ಬೋರ್ಡ್ ನೋಡ್ರಿ ಮಾಸ್ತರ' ಎಂದನು. 'ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ' ಎಂದು ಅಲ್ಲಿ ಬರೆದಿತ್ತು. 'ಮಾರಿದ ಮಾಲಿನ ಮಾತು ಅದು. ನನ್ನದು ಇನ್ನೂ ಮಾರಾಟ ಆಗಿಲ್ಲಲ್ಲಪ್ಪಾ' ಎಂದೆನು. ಅವನು ಒಳಗೆ ಹೋಗಿ ಯಜಮಾನರನ್ನು ಕರೆತಂದನು.

ಯಜಮಾನರು ನನ್ನ ಓರಗೆಯವರು. ತಂದೆಯ ಕಾಲದಿಂದ ಅದೇ ಗಲ್ಲೆಯ ಮೇಲೆ ಕುಳಿತವರು. 'ಯಾಕ್ರಿ ಮಾಸ್ತರ, ಬ್ಯಾರೆ ಅಂಗಡಿಯೊಳಗ ಸೋವಿ ಸಿಕ್ತೇನು?' ಎಂದು ಕೇಳಿದರು.

'ಇಲ್ರಿ. ಮನೀ ಕಾರಣ. ಅದಕ್ಕಿಂತ ಹೆಚ್ಚಿಗೆ ಹೇಳಲಾರೆ. ನಿಮಗೇನು ಖರ್ಚು ಬಂದದ ಹೇಳ್ರಿ, ಅದು ನನ್ನದು.'

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, 'ಮನೀ ಕಾರಣ ಅಂದ ಮ್ಯಾಲೆ ಮುಗೀತು ಬಿಡ್ರಿ' ಎಂದರು. ದಫ್ತರ ತರಿಸಿ ತೆರೆದು, 'ನಿಮ್ಮ ಲೈಸೆನ್ಸಿನೊಳಗ ನಾ ಇನ್ನೂ ನಂಬರ್ ಬರದಿಲ್ಲ. ಬರಿಯೂತನಕಾ ಅದು ನನ್ನ ಮಾಲು. ಇವತ್ತಿಲ್ಲ ನಾಳೆ ಇನ್ನೊಬ್ಬರು ಒಯ್ತಾರ' ಎಂದರು. ನಿಮ್ಮ ಅಳತೆಗೆ ಹೊಲಿಸಿದ ತೊಗಲಿನ ಚೀಲ ಮಾತ್ರ ಬೇರೆಯವರಿಗೆ ಒಗ್ಗದೆಂದು ಅದಕ್ಕೆ 1,200 ರೂಪಾಯಿ ಹಿಡಿದರು. ನಾನು ಒಪ್ಪಿದೆನು. ಪತ್ರದ ಎರಡನೆಯ ಪ್ರತಿಯ ಮೇಲೆ ಸಹಿ, ಶಿಕ್ಕಾ ಹಾಕಿಕೊಟ್ಟರು. ಎಂಟನೆಯ ದಿನ 13,800 ರೂಪಾಯಿ ಖಾತೆಗೆ ಜಮೆಯಾಯಿತು. ಸರಕು ಸಾಗದೆ ಮುಂಗಡವನ್ನು ಹಿಂದಿರುಗಿಸಿದಾಗ ಕೊಡಬಹುದೆಂದು 2017ರ ಜಿ.ಎಸ್.ಟಿ. ಕಾಯ್ದೆಯಲ್ಲಿ ಹೇಳಿರುವ ರಿಫಂಡ್ ವೋಚರನ್ನೂ ಗುಮಾಸ್ತನೇ ಅಂಚೆಯಲ್ಲಿ ಕಳುಹಿಸಿದನು.

ಎಲ್ಲ ಕಡೆ ಹೀಗೆಯೇ ಆಗುವುದೆಂದು ಹೇಳಲಾಗದು. ವ್ಯಾಪಾರಿ ಒಪ್ಪದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿ ಇಟ್ಟುಕೊಳ್ಳಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಆದರೆ ನ್ಯಾಯ ಕೇಳಲು ಹೋಗುವವನು ತಾನೂ ನ್ಯಾಯವಾಗಿ ಕೇಳಬೇಕು. 'ನಿಮ್ಮ ಖರ್ಚು ನನ್ನದು' ಎಂದು ನಾವೇ ಮೊದಲು ಹೇಳಿದರೆ ಎದುರಿನವರ ಮನಸ್ಸು ಅರ್ಧ ಕರಗಿರುತ್ತದೆ.

ಇಷ್ಟರಿಂದ ಕೆಲಸ ಮುಗಿಯುವುದಿಲ್ಲ. ಪರವಾನಗಿ ಪುಸ್ತಕ ಮನೆಯಲ್ಲಿರುವವರೆಗೆ ಇನ್ನೊಂದು ಬಂದೂಕಿಗೆ ಬಾಗಿಲು ತೆರೆದೇ ಇರುತ್ತದೆ. ಆಯುಧಗಳ ಕಾಯ್ದೆಯ 17ನೆಯ ಕಲಮಿನಲ್ಲಿ, ಪರವಾನಗಿದಾರನೇ ಅರ್ಜಿ ಕೊಟ್ಟರೆ ಅಧಿಕಾರಿಗಳು ಅದನ್ನು ರದ್ದುಪಡಿಸಬಹುದೆಂದು ಹೇಳಿದೆ. ನಾನು ಹಾಗೆಯೇ ಅರ್ಜಿ ಬರೆದು, ಬಂದೂಕನ್ನು ಕೊಂಡಿಲ್ಲವೆಂದು ಸ್ಪಷ್ಟಪಡಿಸಿ, ಪುಸ್ತಕವನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಒಪ್ಪಿಸಿದೆನು. ಹತ್ತು ತಿಂಗಳು ನಡೆದಾಡಿ ಪಡೆದುದನ್ನು ಹತ್ತು ನಿಮಿಷಗಳಲ್ಲಿ ಕೊಟ್ಟು ಬಂದಂತಾಯಿತು. ಮೆಟ್ಟಿಲಿಳಿಯುವಾಗ ಕಾಲುಗಳು ಹಗುರವಾಗಿದ್ದವು.

ಬಂದೂಕು ಒಮ್ಮೆ ಮನೆಗೆ ಬಂದುಬಿಟ್ಟಿದ್ದರೆ ಇದೆಲ್ಲ ಇಷ್ಟು ಸರಳವಾಗಿರುತ್ತಿರಲಿಲ್ಲ. ಬೇಡವೆಂದು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಗಲ್ಲೆಯ ಮೇಲಿಟ್ಟು ಬರುವ ವಸ್ತುವಲ್ಲ ಅದು. ಪರವಾನಗಿಯುಳ್ಳ ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಮಾರಬೇಕಾದರೆ, ಜಿಲ್ಲಾ ದಂಡಾಧಿಕಾರಿಗಳಿಗೆ ಇಲ್ಲವೆ ಹತ್ತಿರದ ಠಾಣೆಗೆ 45 ದಿನಗಳ ಮುಂಚೆ ಲಿಖಿತವಾಗಿ ತಿಳಿಸಬೇಕೆಂದು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ಆ 45 ದಿನಗಳು ನಮ್ಮ ಮನೆಯಲ್ಲಿ ಹೇಗೆ ಕಳೆಯುತ್ತಿದ್ದವೋ ಎಣಿಸಿದರೆ ಈಗಲೂ ಎದೆ ನಡುಗುತ್ತದೆ. ಈಗಾಗಲೇ ಬಂದೂಕಿರುವ ಮನೆಗಳವರು ಮಾರಾಟದ ಯೋಚನೆಯನ್ನು ಆಮೇಲೆ ಮಾಡಲಿ. ಮನೆಯಲ್ಲಿ ಒಂದು ಜೀವ ಸಂಕಟದಲ್ಲಿದೆ ಎಂದು ಕಂಡೊಡನೆ ಅದನ್ನು ಠಾಣೆಯಲ್ಲಿ ಇಲ್ಲವೆ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಸುರಕ್ಷಿತವಾಗಿ ಇರಿಸುವ ಬಗ್ಗೆ ವಿಚಾರಿಸಲಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀತಿ ಪಡೆಯುವುದು ನಮ್ಮವರಿಗೆ ಹೊಸದೇನಲ್ಲ. ಊರಿನ ಶಾಂತಿಗೆಂದು ಒಪ್ಪಿಸುವುದನ್ನು ಮನೆಯ ಶಾಂತಿಗೆಂದು ಒಪ್ಪಿಸಿದರೆ ಮಾನಕ್ಕೆ ಕುಂದಿಲ್ಲ.

ಮಗನನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರ ಬಳಿಗೆ ಕರೆದೊಯ್ದೆವು. ಮೊದಲ ಸಲ ಅವನು ಒಲ್ಲೆನೆಂದನು. ತಾಯಿ ಜೊತೆಗೆ ಬರುವೆನೆಂದ ಮೇಲೆ ಹೊರಟನು. ಔಷಧಿ ಕೆಲವು ತಿಂಗಳು ನಡೆಯಿತು. ಅದೇ 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ-ಮಾನಸ್ ಎಂಬ ಉಚಿತ ಸೇವೆಯನ್ನು ಆರಂಭಿಸಿತು; ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಚಳಿಗಾಲದಲ್ಲಿ ಎರಡು ಸಲ ಮಗನು ತಾನಾಗಿಯೇ ಆ ಸಂಖ್ಯೆಗೆ ಮಾತನಾಡಿದುದನ್ನು ನಾನು ಕಟ್ಟೆಯ ಈಚೆಯಿಂದ ಕೇಳಿಸಿಕೊಂಡೆನು. ಈಗ ಅವನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ; ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ.

ಆ ವರ್ಷ ಹಂದಿಗಳು ಗೋವಿನಜೋಳವನ್ನು ಬಿಡಲಿಲ್ಲ. ಒಂದೆಕರೆಯಷ್ಟು ಬೆಳೆ ನೆಲ ಹಿಡಿಯಿತು. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟೆವು. ಮರುವರ್ಷ ಬಂದೂಕಿನ ಹಣಕ್ಕೆ ಇನ್ನಷ್ಟು ಸೇರಿಸಿ, ಪಕ್ಕದ ಹೊಲದವರನ್ನೂ ಕೂಡಿಸಿಕೊಂಡು ಸೌರಶಕ್ತಿಯ ತಂತಿಬೇಲಿ ಹಾಕಿಸಿದೆವು. ಬೇಲಿಯನ್ನೂ ದಾಟುವ ಹಂದಿಗಳಿವೆ. ಆದರೆ ತೆನೆ ಮತ್ತೆ ಬರುತ್ತದೆ.

ಓದುಗ ಬಾಂಧವರಲ್ಲಿ, ಅದರಲ್ಲಿಯೂ ಮನೆಯ ಜವಾಬ್ದಾರಿ ಹೊತ್ತ ಹಿರಿಯರಲ್ಲಿ, ನನ್ನ ಅರಿಕೆ ಇಷ್ಟೇ. ಹಣ ಕಟ್ಟುವಾಗ ರಸೀತಿಯ ಒಂದೊಂದು ಅಕ್ಷರವನ್ನೂ ಓದಿರಿ. ವಸ್ತು ಮನೆಗೆ ಬರುವ ಮುನ್ನ ಮನೆಯ ಸ್ಥಿತಿ ಬದಲಾದರೆ, ಜನ ಏನೆಂದಾರು ಎಂದು ಹಿಂಜರಿಯದೆ, ಬರವಣಿಗೆಯಲ್ಲಿ 'ಬೇಡ' ಎನ್ನಿರಿ. ಎದುರಿನವರ ಖರ್ಚನ್ನು ಕೊಡಿರಿ, ಕಾರಣವನ್ನು ಕೊಡಲೇಬೇಕೆಂದಿಲ್ಲ. ಗೋಡೆಗೆ ತೂಗುಹಾಕಿದ ಬಂದೂಕನ್ನು ಮನೆತನದ ಗೌರವವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಮನೆಯ ಮಕ್ಕಳು ರಾತ್ರಿ ಊಟಕ್ಕೆ ಬಂದು ಕುಳಿತು ನಾಲ್ಕು ಮಾತು ಆಡುತ್ತಾರೋ ಇಲ್ಲವೋ ಎಂಬುದನ್ನು ಮೊದಲು ನೋಡೋಣ. ಮಾತು ನಿಂತಿದೆ ಎಂದು ಕಂಡರೆ ಅಂದೇ ಪಕ್ಕದಲ್ಲಿ ಕುಳಿತು ಕೇಳೋಣ.